ಎಣಿಕೆಯ ಕಾಯಕ

ಕನ್ನಡದಲ್ಲಿ ಈಚೆಗೆ ರೂಢಿಗೆ ಬಂದಿರುವ 'ದತ್ತಾಂಶ'ವೆಂಬ ಶಬ್ದವು ಅರ್ಥಗರ್ಭಿತವಾದುದು. ದತ್ತವೆಂದರೆ ಕೊಡಲ್ಪಟ್ಟದ್ದು. ಇಂಗ್ಲಿಷಿನವರು ಲ್ಯಾಟಿನ್ನಿನಿಂದ ಪಡೆದ 'ಡೇಟಾ' ಎಂಬ ಶಬ್ದಕ್ಕೂ ಕೊಡಲ್ಪಟ್ಟವುಗಳು ಎಂದೇ ಅರ್ಥ. ಕೊಡಲ್ಪಟ್ಟದ್ದು ಇನ್ನೂ ಪದಾರ್ಥ ಮಾತ್ರ. ಅದನ್ನು ಶೋಧಿಸಿ, ಶುದ್ಧಗೊಳಿಸಿ, ಲಿಂಗಕ್ಕೆ ಅರ್ಪಿಸಿದ ಮೇಲೆಯೇ ಅದು ಪ್ರಸಾದವೆನಿಸುವುದು. ಲೋಕವು ಕೊಟ್ಟ ಅಂಕಿಗಳನ್ನು ಕೂಡಿಸಿ, ಶೋಧಿಸಿ, ಅವುಗಳ ಅರ್ಥವನ್ನು ತಿರುಗಿ ಲೋಕಕ್ಕೇ ಒಪ್ಪಿಸುವವನ ವೃತ್ತಿಯೂ ಹಾಗಾದರೆ ಕಾಯಕವಾಗಬಲ್ಲುದು. ಆದರೆ ಶೋಧಿಸುವ ಕೆಲಸವನ್ನು ಯಂತ್ರವೇ ಮಾಡತೊಡಗಿದರೆ ಆಗ ಕಾಯಕವು ಯಾರದು?

ಬೆಳಗಾವಿಯಲ್ಲಿ ಇದು ಒಣತರ್ಕದ ಪ್ರಶ್ನೆಯಲ್ಲ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವು ಈ ನಗರವೇ. ಅದರ ಅಧೀನದ ಮಹಾವಿದ್ಯಾಲಯಗಳಲ್ಲಿ ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನವೆಂಬ ಪ್ರತ್ಯೇಕ ಶಾಖೆಗಳು ಈಚಿನ ವರ್ಷಗಳಲ್ಲಿ ತೆರೆದಿವೆ. ಖಾನಾಪುರದ ಹಳ್ಳಿಗಳಿಂದ ಬಂದ ಮಕ್ಕಳೂ ಅಲ್ಲಿ ಓದುತ್ತಿದ್ದಾರೆ. ಹಲವರ ತಂದೆತಾಯಿಗಳು ಸಾಲಮಾಡಿ ಓದಿಸುತ್ತಿದ್ದಾರೆ. 2012ರಲ್ಲಿ ಅಮೆರಿಕದ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯ ಒಂದು ಲೇಖನವು ಈ ಶತಮಾನದ ಅತ್ಯಂತ ಆಕರ್ಷಕವಾದ ಉದ್ಯೋಗವು ಇದೇ ಎಂದು ಸಾರಿತ್ತು. ಹತ್ತು ವರ್ಷಗಳ ತರುವಾಯ, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. 2023ರ ಜುಲೈ ಹೊತ್ತಿಗೆ ಅಂಕಿಗಳ ಪಟ್ಟಿಯನ್ನು ಅದರ ಮುಂದಿಟ್ಟರೆ ತಾನೇ ಪ್ರೋಗ್ರಾಮು ಬರೆದು, ನಡೆಸಿ, ನಕ್ಷೆ ತೆಗೆದುಕೊಡುವ ಸೌಕರ್ಯವೂ ಒದಗಿತು. ಹೊಸದಾಗಿ ನೌಕರಿಗೆ ಸೇರಿದವನು ದಿನಗಟ್ಟಲೆ ಕುಳಿತು ಮಾಡುತ್ತಿದ್ದ ಕೆಲಸವು ನಿಮಿಷಗಳಲ್ಲಿ ಮುಗಿಯತೊಡಗಿತು. ಸಾಲಮಾಡಿ ಓದಿಸಿದ ಮನೆಗಳಲ್ಲಿ ಚಿಂತೆ ಮೂಡಿದುದು ಸಹಜವೇ ಸರಿ.

ಯಂತ್ರವು ಮಾಡುವುದೇನು, ಮಾಡಲಾರದ್ದೇನು ಎಂಬುದನ್ನು ನೋಡಬೇಕು. ಖಾನಾಪುರ ತಾಲ್ಲೂಕಿನ ಮಳೆಯ ಪಟ್ಟಿಯೊಂದನ್ನು ಕಲ್ಪಿಸಿಕೊಳ್ಳೋಣ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಸಾಮಾನ್ಯ ವರ್ಷಗಳಲ್ಲಿ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದೇ ತಾಲ್ಲೂಕಿನ ಮೂಡಣ ಸೀಮೆಯ ಬೀಡಿ, ಕಕ್ಕೇರಿಗಳ ಕಡೆಗೆ ಬೀಳುವುದು ಅದರ ಒಂದಂಶ ಮಾತ್ರ. ಪಟ್ಟಿಯಲ್ಲಿ ಜುಲೈ ತಿಂಗಳ ಒಂದು ದಿನದ ಮನೆ ಖಾಲಿಯಿದೆಯೆನ್ನಿ. ಆ ದಿನ ಮಳೆಯೇ ಬರಲಿಲ್ಲವೋ, ಅಥವಾ ವಿಪರೀತ ಮಳೆ ಸುರಿದು ಹಾದಿ ಕಟ್ಟಿದ್ದರಿಂದ ಅಳೆಯುವವನೇ ಬರಲಿಲ್ಲವೋ? ಮೊದಲನೆಯದಾದರೆ ಸೊನ್ನೆ, ಎರಡನೆಯದಾದರೆ ಅತಿವೃಷ್ಟಿ. (ಶೂನ್ಯವೆಂದರೆ ಬರಿದಲ್ಲವೆಂಬುದನ್ನು ಅಲ್ಲಮಪ್ರಭುವಿನ ವಚನಗಳನ್ನು ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.) ಯಂತ್ರವು ಅಲ್ಲಿ ಸೊನ್ನೆಯನ್ನೂ ಬರೆದೀತು, ಇಡೀ ತಾಲ್ಲೂಕಿನ ಸರಾಸರಿಯನ್ನೂ ತುಂಬೀತು, ಯಾವುದನ್ನು ಮಾಡಿದರೂ ಅಳುಕಿಲ್ಲದೆ, ಅಂದವಾದ ನಕ್ಷೆಯೊಡನೆ ಒಪ್ಪಿಸೀತು. ಬಲ್ಲವನು ಕೇಳುವ ಹಾಗೆ ಕೇಳಿದರೆ ಈ ಸಂದೇಹವನ್ನು ತಾನೇ ಎತ್ತಿ ತೋರಿಸಲೂಬಹುದು. ಆದರೆ ಕಣಕುಂಬಿಗೆ ಹೋಗಿ ಅಂದು ಏನಾಯಿತೆಂದು ವಿಚಾರಿಸಲಾರದು. ಅಂಥ ಪಟ್ಟಿಯ ಮೇಲೆ ಬೆಳೆವಿಮೆಯ ಪರಿಹಾರ ನಿಶ್ಚಯವಾಗಿ ರೈತನೊಬ್ಬನಿಗೆ ಅನ್ಯಾಯವಾದರೆ ಅವನೆದುರು ನಿಂತು ಉತ್ತರ ಹೇಳಲಾರದು.

ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾದುದು. 1954ರಿಂದ ಅಲ್ಲಿ ಗ್ರಾಮೀಣ ಕುಂಬಾರಿಕೆಯ ಕೇಂದ್ರಸಂಸ್ಥೆಯೂ ಇದೆ. ಕೋಲಿನಿಂದ ತಿರುಗಿಸುತ್ತಿದ್ದ ತಿಗರಿಯನ್ನು ಈಗ ವಿದ್ಯುತ್ತು ತಿರುಗಿಸುತ್ತದೆ. ತೋಳಿನ ದಣಿವು ಉಳಿಯಿತು. ಮಣ್ಣಿನ ಹದವನ್ನು ತಿಳಿಯುವ, ಆವಿಗೆಯಿಂದ ತೆಗೆದ ಗಡಿಗೆಯನ್ನು ಬೆರಳಿನಿಂದ ಬಡಿದು ಅದರ ನಾದವನ್ನು ಆಲಿಸುವ ಹೊಣೆಯು ಕುಂಬಾರನದಾಗಿಯೇ ಉಳಿದಿದೆ.

ಈ ಹೊಣೆಗೆ ಶರಣರ ಸಂಪ್ರದಾಯದಲ್ಲಿ ಒಂದು ಹೆಸರುಂಟು: ಅಂಕಿತ. ವಚನಕಾರನು ಆಡಿದ ಮಾತಿಗೆ ತನ್ನ ಇಷ್ಟದೈವದ ಹೆಸರನ್ನು ಸಾಕ್ಷಿಯಾಗಿ ಇಡುತ್ತಾನೆ. ಸುಳ್ಳಾಡಿದರೆ ಆ ಹೆಸರಿಗೇ ಅಪಚಾರ. ಕಲ್ಯಾಣದಿಂದ ಉಳವಿಯ ಹಾದಿ ಹಿಡಿದ ಶರಣರು ವಚನದ ಕಟ್ಟುಗಳನ್ನು ಕಾಪಾಡಲು ಹೋರಾಡಿದರೆಂದೂ, ಡೋಹರ ಕಕ್ಕಯ್ಯನು ಕಕ್ಕೇರಿಯಲ್ಲಿ ಐಕ್ಯನಾದನೆಂದೂ ಪ್ರತೀತಿಯಿದೆ. ಹಾಗೆ ಉಳಿದ ಓಲೆಗರಿಗಳನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದರು, ಪ್ರತಿಗಳನ್ನು ತಾಳೆನೋಡಿದರು, ವಿಷಯಾನುಸಾರವಾಗಿ ವಿಂಗಡಿಸಿದರು. 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು 1923ರಲ್ಲಿ ಅಚ್ಚಾದುದು ಈ ಬೆಳಗಾವಿಯಲ್ಲಿಯೇ. ಕೂಡಿಸುವುದು, ಶೋಧಿಸುವುದು, ವಿಂಗಡಿಸುವುದು ದತ್ತಾಂಶದ ಕೆಲಸವಲ್ಲದೆ ಮತ್ತೇನು? ಇಂದಿನ ಯಂತ್ರವು ಸಾವಿರಾರು ವಚನಗಳಲ್ಲಿ ಬೇಕಾದ ಶಬ್ದವನ್ನು ಕ್ಷಣದಲ್ಲಿ ಹುಡುಕಿಕೊಡಬಲ್ಲುದು. ಅದು ದೊಡ್ಡ ಉಪಕಾರವೇ. ಆದರೆ ಬಸವಣ್ಣನವರ ಒಂದು ವಚನವನ್ನು ಹೇಳೆಂದರೆ, ಎಂದೂ ಯಾರೂ ಆಡದ ಸಾಲುಗಳನ್ನು ಕಟ್ಟಿ, ಕೊನೆಯಲ್ಲಿ ಕೂಡಲಸಂಗಮದೇವನ ಹೆಸರನ್ನಿಟ್ಟು ಕೊಟ್ಟುಬಿಡುವುದೂ ಉಂಟು. ಅಂಕಿತವನ್ನು ಬರೆಯಬಲ್ಲುದು, ಅಂಕಿತಕ್ಕೆ ಬದ್ಧವಾಗಲಾರದು. ಪರೀಕ್ಷಿಸದೆ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿದವನ ಮೇಲೆಯೇ ಆ ದೋಷ ಕೂಡುತ್ತದೆ. ಮಳೆಯ ಪಟ್ಟಿಗೂ ಇದೇ ನ್ಯಾಯ. ಯಂತ್ರ ಕೊಟ್ಟ ಲೆಕ್ಕವನ್ನು ನೋಡದೆ ತನ್ನದೆಂದು ಒಪ್ಪಿಸಿ ಸಂಬಳ ಪಡೆಯುವವನು ಕೂಲಿ ಪಡೆದಾನು, ಅದು ಕಾಯಕವಾಗದು.

ಇಷ್ಟು ಹೇಳಿದರೆ ಅನುಭವಿಗಳಿಗೆ ದಾರಿ ತೋರಿದಂತಾಯಿತು. ತೊಡಕಿರುವುದು ಎಳೆಯರ ವಿಷಯದಲ್ಲಿ. ಪರೀಕ್ಷಿಸುವ ಕಣ್ಣು ಪುಸ್ತಕದಿಂದ ಬರುವುದಿಲ್ಲ. ತಾನೇ ಪಟ್ಟಿಗಳನ್ನು ತಿದ್ದಿ, ತಪ್ಪಿ, ಹಿರಿಯರಿಂದ ಅನ್ನಿಸಿಕೊಂಡು ಬರುತ್ತದೆ. ಆ ಮೊದಲ ಮೆಟ್ಟಿಲನ್ನೇ ಯಂತ್ರಕ್ಕೆ ಬಿಟ್ಟುಕೊಟ್ಟು, ಹೊಸಬರನ್ನು ತೆಗೆದುಕೊಳ್ಳದೆ ಹೋದರೆ ಮುಂದಿನ ಪರೀಕ್ಷಕರು ಎಲ್ಲಿಂದ ಬಂದಾರು? ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಪತಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಯಂತ್ರದ ನೆರವಿನಿಂದ ದಿನದ ಕೆಲಸವನ್ನು ಒಂದು ತಾಸಿನಲ್ಲಿ ಮುಗಿಸಿದವನ ಉಳಿದ ತಾಸುಗಳು ಆ ಹೆಚ್ಚಿನ ಅಕ್ಕಿಯಂತೆ. ಅವು ಅವನ ಮನೆಯ ಗಡಿಗೆಗೆ ಸೇರತಕ್ಕವಲ್ಲ. ಕೆಲಸ ಕಲಿಯಬೇಕಾದ ಹುಡುಗನಿಗೆ ಸಲ್ಲತಕ್ಕವು. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದಂಥ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ ದೊಡ್ಡ ಹುದ್ದೆಗೇರಿದವರು ದಾಸೋಹವೆಂದರೆ ಹಣ ಕಳಿಸುವುದಷ್ಟೇ ಎಂದು ತಿಳಿಯಬೇಕಾಗಿಲ್ಲ. ಹಳ್ಳಿಯಿಂದ ಬಂದ ಒಬ್ಬಿಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪಟ್ಟಿ ತಿದ್ದಿಸುವುದೂ ದಾಸೋಹವೇ.

ಈ ಶಾಖೆಗೆ ಮಕ್ಕಳನ್ನು ಸೇರಿಸಬೇಕೆ ಬೇಡವೆ ಎಂದು ಕೇಳುವ ಗೃಹಸ್ಥರುಂಟು. ಸಂಬಳವೊಂದನ್ನೇ ಕಂಡು ಸೇರಿಸುವುದಾದರೆ ಬೇಡವೆನ್ನುವುದೇ ಲೇಸು. ಹುಡುಗನಿಗೆ ಸಂಖ್ಯಾಶಾಸ್ತ್ರದಲ್ಲಿ ನಿಜವಾದ ಅಕ್ಕರೆಯಿದ್ದರೆ, ಖಾಲಿ ಮನೆಯನ್ನು ಕಂಡಾಗ ಅಂದು ಅಳೆಯುವವನು ಯಾರಿದ್ದ, ಏಕೆ ಬರಲಿಲ್ಲವೆಂದು ವಿಚಾರಿಸುವ ಹಟವಿದ್ದರೆ, ನಿಸ್ಸಂಕೋಚವಾಗಿ ಸೇರಿಸಬಹುದು.