ವಂಶಾವಳಿಯಲ್ಲಿ ಯಾರಿಗೆ ಸ್ಥಾನ?

ಎತ್ತನ್ನೇರಿ ಒಕ್ಕಲು ಮನೆಗಳಿಗೆ ಬಂದು ತಲೆತಲಾಂತರದ ಹೆಸರುಗಳನ್ನು ಹೇಳುವ ಹೆಳವರನ್ನು ನಾವು ಬಲ್ಲೆವು. ದವಸ ಅಳೆದುಕೊಡುವ ಮನೆಗೆ ವಂಶಾವಳಿಯುಂಟು. ಆ ಮನೆಯ ಹೊಲದಲ್ಲಿ ಕೂಲಿ ಮಾಡಿದವನಿಗೆ? ಇಂಗ್ಲೆಂಡಿನಲ್ಲಿ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಚರ್ಚೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞಾಪಿಸಿದನು. ಜಮೀನ್ದಾರನೂ ಕೂಲಿಯವನೂ ಒಂದೇ ಪುಸ್ತಕದಲ್ಲಿ ಸೇರಿದರು. ಆದರೆ ವಿವಾಹವಿಲ್ಲದೆ ಜನಿಸಿದ ಶಿಶುವಿನ ಹೆಸರಿನ ಪಕ್ಕದಲ್ಲಿ ಆ ಮಾತನ್ನೂ ಬರೆದರು. ಬರೆದದ್ದು ಸತ್ಯವೇ, ಆ ಕೂಸು ಮಾಡಿದ ಅಪರಾಧವೇನು?

ನಮ್ಮ ಕುಂಡಯಿಯ ನವದುರ್ಗೆಯೂ ವಲಸೆ ಬಂದವಳೇ. ಪೋರ್ತುಗೀಸರ ಕಾಲದಲ್ಲಿ ತಿಸವಾಡಿಯಿಂದ ಬಂದ ದೇವಿಗೆ ಊರು ನೆಲೆ ಕೊಟ್ಟಿತು. ಗೋವೆಯ ದೇವಸ್ಥಾನಗಳಲ್ಲಿ ಮಹಾಜನರ ಪಟ್ಟಿಯಾದರೋ ವಂಶವನ್ನೇ ನೆಚ್ಚಿದೆ. 1933ರ ನಿಯಮಾವಳಿ ಇಂದಿಗೂ ನಡೆದುಬಂದಿದೆ. ಇಲ್ಲಿನ ಕೈಗಾರಿಕಾ ವಸಾಹತಿಗೆ ದುಡಿಯಲು ಬಂದ ಕನ್ನಡಿಗರ ಮಕ್ಕಳಿಗೆ ಜನನಪತ್ರವಿದೆ, ಅಜ್ಜಿಯ ಊರು ಯಾವುದೆಂಬುದಕ್ಕೆ ಪುಸ್ತಕವಿಲ್ಲ.

ಅಂಥದೊಂದು ಪುಸ್ತಕವನ್ನು ಸಂಘವು ತೆರೆಯಬೇಕೆಂಬುದು ನಮ್ಮ ಅಭಿಮತ. ಬಿಟ್ಟುಬಂದ ಊರು, ತಾಯಿಯ ಹೆಸರು, ಆಕೆಯ ತಾಯಿಯ ಹೆಸರು ಮೊದಲು ಬರಲಿ, ಹೆಳವರು ಮೆಚ್ಚಲಾರರೇನೋ! ಜಾತಿ, ಸಾಲ, ಮನೆಜಗಳಗಳಿಗೆ ಅಂಕಣ ಬೇಡ. ಇದು ಸತ್ಯವನ್ನು ಮುಚ್ಚಿದಂತಲ್ಲವೇ ಎಂದು ಕೇಳುವವರುಂಟು. ಬರೆಸುವವರು ಒಪ್ಪಿ ಹೇಳಿದಷ್ಟನ್ನು ಬರೆದರೆ ಅಲ್ಲಿ ಸುಳ್ಳೇನೂ ಸೇರದು. ಉಳಿದದ್ದನ್ನು ಮಕ್ಕಳಿಗೆ ಹೇಳುವುದೋ ಬಿಡುವುದೋ ಆಯಾ ಮನೆಯ ಹಿರಿಯರಿಗೆ ಸೇರಿದ್ದು.