ಇಳಿಜಾರಿನ ಪಣ

ತೋಟದಲ್ಲಿ ಬಲಿತ ತೆಂಗಿನಕಾಯನ್ನು ಮರದ ಮೇಲಿಂದ ಹಾಗೇ ಕೆಡವುತ್ತಾರೆ. ಧೊಪ್ಪೆಂದು ಬಿದ್ದರೂ ಸಿಪ್ಪೆ ಅದನ್ನು ಕಾಯುತ್ತದೆ. ಎಳನೀರಿನ ಗೊನೆಗೆ ಮಾತ್ರ ಹಗ್ಗ ಕಟ್ಟಿ, ಕೈಯಲ್ಲಿ ಹಿಡಿದು, ಮೆಲ್ಲಗೆ ಇಳಿಸುತ್ತಾರೆ. ಕೈಬಿಟ್ಟರೆ ಬುರುಡೆ ಒಡೆದು ನೀರೆಲ್ಲ ಮಣ್ಣುಪಾಲು. ಮರ ಒಂದೇ, ಎತ್ತರವೂ ಒಂದೇ. ಇಳಿಯುವ ಬಗೆ ಮಾತ್ರ ಬೇರೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ದಪ್ಪ ಟೈರಿನ ಸೈಕಲ್ಲೊಂದನ್ನು ತಿಪಟೂರಿನ ಮನೆಗೆ ತಂದು, ತಾನು ಡೌನ್‌ಹಿಲ್ ಪಂದ್ಯಕ್ಕೆ ಇಳಿಯುತ್ತಿದ್ದೇನೆ ಎಂದ ದಿನ ನನಗೆ ನೆನಪಾದದ್ದು ಆ ಹಗ್ಗ. ಹುಡುಗ ಎಳನೀರೋ, ಬಲಿತ ಕಾಯೋ? ಅತ್ತಿಗೆಯ ಪ್ರಕಾರ ಎಳನೀರು. ಅವನ ಪ್ರಕಾರ ಎಂದೋ ಬಲಿತಾಗಿದೆ. ಇಪ್ಪತ್ತರ ವಯಸ್ಸೇ ಅಂಥದ್ದು. ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ.

ಈ ಪಂದ್ಯದ ರೀತಿ ವಿಚಿತ್ರ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಗುಡ್ಡದ ತುದಿಯಿಂದ ಒಬ್ಬೊಬ್ಬರನ್ನೇ ಬಿಡುತ್ತಾರೆ. ಮುಂದೆ ಹಿಂದಿಕ್ಕಬೇಕಾದವನಿಲ್ಲ, ಹಿಂದೆ ಅಟ್ಟಿಸಿಕೊಂಡು ಬರುವವನಿಲ್ಲ. ಕಲ್ಲು, ಬೇರು, ತಿರುವು, ಗಡಿಯಾರ, ಇಷ್ಟೇ. ದೊಡ್ಡ ಪಂದ್ಯಗಳಲ್ಲೂ ಒಬ್ಬೊಬ್ಬರ ಇಳಿತ ಕೆಲವೇ ನಿಮಿಷಗಳಲ್ಲಿ ಮುಗಿದಿರುತ್ತದೆ. ಇದರ ಮೊದಲ ಕಥೆಗಳು ಕ್ಯಾಲಿಫೋರ್ನಿಯಾದ ಟಮಾಲ್ಪೈಸ್ ಬೆಟ್ಟದ ಆಸುಪಾಸಿನವು. 1976ರ ಅಕ್ಟೋಬರಿನಲ್ಲಿ ಕೆಲವು ಗೆಳೆಯರು ಹಳೆಯ ಭಾರದ ಸೈಕಲ್ಲುಗಳಲ್ಲಿ ಅಲ್ಲಿನ ಮಣ್ಣುದಾರಿಯೊಂದರಲ್ಲಿ ಸುಮಾರು 1,300 ಅಡಿ ಇಳಿಯುವ ಪಂದ್ಯ ಕಟ್ಟಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕಿನ ಸೈಕಲ್ಲುಗಳವು. ಒಂದು ಇಳಿತಕ್ಕೇ ಹಿಂಚಕ್ರದ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕು. ಅದಕ್ಕೇ ಆ ದಾರಿಗೂ ಪಂದ್ಯಕ್ಕೂ ‘ರೀಪ್ಯಾಕ್’ ಎಂಬ ಹೆಸರು ಬಂತು. ಪಂದ್ಯಕ್ಕೆ ಗೆದ್ದವನ ಹೆಸರಿಡಲಿಲ್ಲ, ಇಳಿದಾದ ಮೇಲೆ ಕೈ ಮಸಿ ಮಾಡಿಕೊಂಡು ಮಾಡುವ ಕೆಲಸದ ಹೆಸರಿಟ್ಟರು ಎಂಬುದು ನನಗೆ ಬಹಳ ಹಿಡಿಸಿತು. ಮುಂದೆ 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೌಂಟನ್ ಬೈಕಿನ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯಿತು. ನಮ್ಮ ಗದಗದಲ್ಲೂ 2022ರಲ್ಲಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆ ಆಗಿದೆ.

ರಜೆಯಲ್ಲಿ ಹುಡುಗ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಅಭ್ಯಾಸ ಮಾಡುವಾಗ ನಾನು ಕೆಳಗೆ ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದೆ. ಅಷ್ಟೊಂದು ಕಲ್ಲುಗಳ ನಡುವೆ ಹೇಗೆ ಬರುತ್ತೀಯೋ ಎಂದು ಒಮ್ಮೆ ಕೇಳಿದೆ.

“ಕಲ್ಲು ನೋಡಿದ್ರೆ ಸೈಕಲ್ಲು ಕಲ್ಲಿಗೇ ಹೋಗುತ್ತೆ ಚಿಕ್ಕಪ್ಪ. ಪಕ್ಕದ ಜಾಗ ನೋಡ್ಬೇಕು. ಕಣ್ಣು ಹೋದ ಕಡೆ ಚಕ್ರ.”

ಇಳಿಜಾರಿನಲ್ಲಿ ವೇಗ ನಮ್ಮದಲ್ಲ, ಗುಡ್ಡ ಕೊಟ್ಟಿದ್ದು. ಹತ್ತುವವನ ಒಂದೊಂದು ಹೆಜ್ಜೆಯೂ ಅವನ ದುಡಿಮೆ. ಇಳಿಯುವವನ ವೇಗ ಬಿಟ್ಟಿ. ಅವನದೆಂದು ಹೇಳಬಹುದಾದದ್ದು ಎರಡೇ: ಬ್ರೇಕಿನ ಮೇಲಿನ ಬೆರಳು ಮತ್ತು ಕಣ್ಣು.

ಅದೇ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮದಲಿಂಗನ ಕಣಿವೆ ಇದೆ. ಮದಲಿಂಗ ಎಂದರೆ ಮದುವೆಗಂಡು. ಆ ಕಥೆ ಬಾಯಿಂದ ಬಾಯಿಗೆ ಬೇರೆಯಾಗುತ್ತದೆ. ನಮ್ಮ ಅಜ್ಜಿ ಹೇಳುತ್ತಿದ್ದದ್ದು ಹೀಗೆ: ಹೊಸದಾಗಿ ಮದುವೆಯಾದವನು ಹೆಂಡತಿಯ ಕಡೆಯವರ ಜೊತೆ ಕಣಿವೆ ದಾಟುತ್ತಿದ್ದ. ನಾದಿನಿಯ ಮೇಲೂ ಅವನಿಗೆ ಮನಸ್ಸಾಯಿತು. ಈ ಗುಡ್ಡವನ್ನು ಹಿಮ್ಮುಖವಾಗಿ ಇಳಿದರೆ ಅವಳೂ ನಿನ್ನವಳು ಎಂದು ಪಣ ಒಡ್ಡಿದರು. ಅವನು ಇಳಿದ. ಕಲ್ಲು ಮುಳ್ಳು ಲೆಕ್ಕಿಸದೆ, ಒಂದು ಸಲವೂ ತಿರುಗಿ ನೋಡದೆ, ಕೊನೆಯವರೆಗೂ ಇಳಿದ. ತಳ ಮುಟ್ಟಿದ ಮೇಲೆ ಕುಸಿದು ಪ್ರಾಣ ಬಿಟ್ಟ.

ಅಜ್ಜಿಯ ನೀತಿ ಸರಳವಾಗಿತ್ತು: ಅತಿಯಾಸೆ ಗತಿಗೇಡು. ನಾನೂ ಬಹಳ ಕಾಲ ಅಷ್ಟಕ್ಕೇ ಸುಮ್ಮನಿದ್ದೆ. ಹುಡುಗನ ಮಾತು ಕೇಳಿದ ಮೇಲೆ ಕಥೆಯಲ್ಲಿ ಇನ್ನೊಂದು ಕಂಡಿತು. ಹಿಮ್ಮುಖವಾಗಿ ಇಳಿಯುವವನ ಕಣ್ಣು ಎಲ್ಲಿರುತ್ತದೆ? ಮೇಲೆ ನಿಂತು ನೋಡುತ್ತಿರುವವರ ಮುಖದ ಮೇಲೆ. ಪಾದ ಒಂದು ಕಡೆ, ನೋಟ ಇನ್ನೊಂದು ಕಡೆ. ಬೇರೆಯವರ ಕಣ್ಣಿಗೆ ಬೀಳಬೇಕೆಂದು ಇಳಿಯುವವರೆಲ್ಲ ಹಿಮ್ಮುಖವಾಗಿಯೇ ಇಳಿಯುತ್ತಾರೆ, ಮುಖ ಮುಂದಕ್ಕೇ ಇದ್ದರೂ.

ಇದನ್ನು ಹುಡುಗನಿಗೆ ಉಪದೇಶ ಮಾಡಬೇಕೆಂದು ಕಾದಿದ್ದೆ. ಅಷ್ಟರಲ್ಲಿ ಬೆಂಗಳೂರಿನ ಹೊರಗಿನ ಗುಡ್ಡವೊಂದರಲ್ಲಿ ಪಂದ್ಯ ಬಂತು. ಮುಗಿದ ಕೂಡಲೇ ಫೋನ್ ಮಾಡಿದ. ನಾನು ಕೇಳಿದ ಮೊದಲ ಮಾತು: “ಎಷ್ಟನೇ ಪ್ಲೇಸು?” ಹನ್ನೊಂದು ಎಂದ. ಒಂದು ಕಡಿದಾದ ಜಿಗಿತದ ಮುಂಚೆ ಬ್ರೇಕ್ ಹಿಡಿದೆ, ಅಲ್ಲೇ ಟೈಮ್ ಹೋಯ್ತು ಎಂದ. “ಅಯ್ಯೋ, ಅಷ್ಟರಲ್ಲೇ ತಪ್ಪಿತಲ್ಲ” ಎಂದೆ. ನನಗದು ಸಮಾಧಾನದ ಮಾತೇ ಆಗಿತ್ತು.

ಮುಂದಿನ ಪಂದ್ಯಕ್ಕೆ ಮನೆಮಂದಿಯೆಲ್ಲ ಹೋದೆವು. ಅಂಥದೇ ಒಂದು ಜಿಗಿತದ ಪಕ್ಕ, ಚೆನ್ನಾಗಿ ಕಾಣುವ ಜಾಗ ಹಿಡಿದು ಫೋನ್ ಎತ್ತಿ ನಿಂತೆವು. ಅವನು ಬಂದ, ಬ್ರೇಕ್ ಹಿಡಿಯಲಿಲ್ಲ, ಬಿದ್ದ. ಕುತ್ತಿಗೆಯ ಕೆಳಗಿನ ಎಲುಬು ಮುರಿಯಿತು. ತಲೆಗೆ ಏಟಾಗಲಿಲ್ಲ, ಮುಖ ಮುಚ್ಚುವ ಹೆಲ್ಮೆಟ್ಟು ಉಳಿಸಿತು. ಆಸ್ಪತ್ರೆಯಲ್ಲಿ, ಯಾಕೋ ಹಾಗೆ ಮಾಡಿದೆ ಎಂದರೆ, ಮಲಗಿದಲ್ಲಿಂದಲೇ ನಕ್ಕ.

“ನೀವೆಲ್ಲ ಅಲ್ಲೇ ನಿಂತಿದ್ರಲ್ಲ ಚಿಕ್ಕಪ್ಪ.”

ಮದಲಿಂಗನ ಕಥೆ ಅಂದು ಮೂರನೆಯ ಸಲ ಅರ್ಥವಾಯಿತು. ಪಣ ಒಡ್ಡಿದವರು ಯಾರು ಎಂಬುದು ಹೇಳುವವರಿಗೆ ತಕ್ಕಂತೆ ಬದಲಾಗುತ್ತದೆ. ಅವನ ಆಸೆಯನ್ನು ಮಾತ್ರ ಎಲ್ಲರೂ ಬೈಯುತ್ತೇವೆ. ಕಣಿವೆಗೂ ಅವನದೇ ಹೆಸರು. ಮೇಲೆ ನಿಂತು ನೋಡಿದವರು ಆಮೇಲೆ ಯಾವ ದಾರಿಯಲ್ಲಿ ಮನೆಗೆ ಹೋದರೋ, ಕಥೆ ಹೇಳುವುದಿಲ್ಲ. ಬಹುಶಃ ನಮ್ಮ ಹಾಗೆ ಕಾರು ಹತ್ತಿ ಹೋಗಿರಬೇಕು.

ಕೊಬ್ಬರಿ ಮಾರುವ ನಮ್ಮೂರಿನವರಿಗೆ ರೇಟು ಕೇಳುವುದು ಉಸಿರಾಡಿದಷ್ಟೇ ಸಹಜ. ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವ ದಿನ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಸಾವಿನ ಮನೆಯಲ್ಲಿ ಕೂಡ ‘ಕೊಬ್ಬರಿ ಏನಾಯ್ತು?’ ಎಂದೇ ಮಾತು. ಮಕ್ಕಳನ್ನೂ ಹಾಗೇ ಕೇಳುತ್ತೇವೆ: ಪರ್ಸೆಂಟೇಜು ಎಷ್ಟು, ರ‍್ಯಾಂಕು ಎಷ್ಟು, ಪ್ಲೇಸು ಎಷ್ಟು. ಆದರೆ ಕೊಬ್ಬರಿಯ ವಿಷಯದಲ್ಲಿ ನಮಗೆ ಇನ್ನೊಂದು ಜ್ಞಾನವೂ ಇದೆ. ಅಟ್ಟದ ಮೇಲೆ ಹಾಕಿದ ಕಾಯನ್ನು ವರ್ಷದ ಹತ್ತಿರ ಮುಟ್ಟುವುದಿಲ್ಲ. ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು. ಅದಕ್ಕೆ ಮೊದಲೇ ಒಡೆದರೆ ಉಂಡೆ ಕೊಬ್ಬರಿ ಸಿಗುವುದಿಲ್ಲ ಎಂದು ನಮ್ಮ ಮನೆಯ ಚಿಕ್ಕ ಮಗುವಿಗೂ ಗೊತ್ತು. ಕಾಯಿಗೆ ಒಂದು ವರ್ಷ ಕೊಡುವ ನಾವು ಹುಡುಗನಿಗೆ ಮೂರು ನಿಮಿಷ ಕೊಟ್ಟೆವು.

ಎಲುಬು ಕೂಡಿತು. ಮತ್ತೆ ಇಳಿಯುತ್ತೇನೆ ಎಂದ. ಅತ್ತಿಗೆ ನನ್ನ ಮುಖ ನೋಡಿದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಎಳನೀರಿಗೆ ಕಟ್ಟಿದ ಹಗ್ಗವನ್ನು ಕೂಡ ನೆಲ ಮುಟ್ಟುವ ತನಕ ಸಡಿಲಿಸುತ್ತಲೇ ಇರಬೇಕು. ಬಿಗಿಹಿಡಿದು ನಿಂತರೆ ಗೊನೆ ನಡುವೆಯೇ ತೂಗಾಡುತ್ತದೆ.

ಈ ಸಲ ಪಂದ್ಯಕ್ಕೆ ನಾವು ಯಾರೂ ಹೋಗಲಿಲ್ಲ. ಮಾರನೆಯ ದಿನ ಊರಿಗೆ ಬಂದವನು ಹಿತ್ತಲಲ್ಲಿ ಸೈಕಲ್ ತಲೆಕೆಳಗು ಮಾಡಿ, ಸವೆದ ಬ್ರೇಕ್ ಪ್ಯಾಡ್ ಬಿಚ್ಚುತ್ತಿದ್ದ. ಚಕ್ರ ಹಿಡಿದುಕೊಳ್ಳಲು ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ನಾಲಿಗೆಯ ತುದಿಯಲ್ಲಿ ಹಳೆಯ ಪ್ರಶ್ನೆ ಇತ್ತು. ನುಂಗಿಕೊಂಡೆ.

“ಎಲ್ಲೆಲ್ಲಿ ಬ್ರೇಕ್ ಹಿಡಿದೆ?” ಎಂದೆ.

ಅವನು ಸ್ಪ್ಯಾನರ್ ಕೆಳಗಿಟ್ಟು, ಮಣ್ಣಿನಲ್ಲಿ ಬೆರಳಿಂದ ಗುಡ್ಡ ಬರೆಯತೊಡಗಿದ.