ಹಿಂದುಳಿದವನ ದಾರಿ

ಮಹಾಶಿವರಾತ್ರಿಗೆ ವಾರವೊಂದಿರುವಾಗ ಕುಣಿಗಲ್ಲಿನ ಹೆದ್ದಾರಿಯ ಬದಿಯಲ್ಲಿ ನಿಂತವರಿಗೆ ವರ್ಷಂಪ್ರತಿ ಒಂದು ದೃಶ್ಯವು ಕಾಣಸಿಗುತ್ತದೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕರು ತಂಡತಂಡವಾಗಿ ಬರುತ್ತಾರೆ. ತುಮಕೂರಿನ ಕಡೆಯವರೂ ಇಲ್ಲಿ ಅವರನ್ನು ಕೂಡಿಕೊಳ್ಳುವುದುಂಟು. ಬೆಂಗಳೂರಿನಿಂದ ಎಣಿಸಿದರೆ ದಾರಿ ಸುಮಾರು ೩೦೦ ಕಿಲೋಮೀಟರು. ಏಳೆಂಟು ದಿನಗಳ ನಡಿಗೆ. ಯಡಿಯೂರು, ಬೆಳ್ಳೂರು, ಚನ್ನರಾಯಪಟ್ಟಣ, ಹಾಸನಗಳನ್ನು ದಾಟಿ, ಮೂಡಿಗೆರೆಯ ಮಲೆಸೀಮೆಯನ್ನು ಹೊಕ್ಕು, ಕೊಟ್ಟಿಗೆಹಾರದಿಂದ ಚಾರ್ಮಾಡಿಯ ಘಟ್ಟವನ್ನಿಳಿದು, ನೇತ್ರಾವತಿಯಲ್ಲಿ ಮಿಂದರೆ ಯಾತ್ರೆಯು ಕೈಗೂಡಿದಂತೆ. ದಾರಿಯುದ್ದಕ್ಕೂ ಮಜ್ಜಿಗೆ ಪಾನಕಗಳನ್ನು ಕೊಡುವ ಪುಣ್ಯವಂತರಿದ್ದಾರೆ. ಆದರೆ ಸ್ವಲ್ಪ ನಿಧಾನಿಸಿ ನೋಡಿದರೆ, ತಂಡವು ಹಾದುಹೋದ ಮೇಲೆ ಒಂದೆರಡು ಫರ್ಲಾಂಗು ಹಿಂದೆ, ಅಂಗಾಲಿನಲ್ಲಿ ಬೊಕ್ಕೆಯೆದ್ದು ಕುಂಟುತ್ತ ಬರುವವನೊಬ್ಬನು ಕಾಣುತ್ತಾನೆ. ಇಲ್ಲಿಯ ವಿಚಾರವು ಅವನನ್ನು ಕುರಿತದ್ದು.

ತಂಡವು ಅವನಿಗಾಗಿ ಕಾಯುವುದಿಲ್ಲವೆಂದಲ್ಲ, ಕಾಯುತ್ತದೆ. ಮುಂದೆ ಹೋದವರು ಹುಣಿಸೆಯ ಮರದ ನೆರಳಿನಲ್ಲಿ ಕುಳಿತು, ನೀರು ಕುಡಿದು, ಕಾಲು ನೀವಿಕೊಂಡು, ಲೋಕಾಭಿರಾಮವಾಗಿ ಹರಟುತ್ತಿರುತ್ತಾರೆ. ಅಷ್ಟರಲ್ಲಿ ಹಿಂದುಳಿದವನು ಬಂದು ಮುಟ್ಟುತ್ತಾನೆ. “ಬಂದೆಯಾ? ಸರಿ, ಏಳಿ, ಹೊತ್ತಾಯಿತು” ಎಂದು ಎಲ್ಲರೂ ಮೇಲೇಳುತ್ತಾರೆ. ವಿಶ್ರಾಂತಿಯ ಅಗತ್ಯವು ಕಡಮೆಯಾಗಿದ್ದವರಿಗೆ ಅದು ಯಥೇಚ್ಛವಾಗಿ ದೊರೆಯಿತು. ಯಾವನಿಗೆ ಅದು ಅತ್ಯಗತ್ಯವಾಗಿತ್ತೋ ಅವನಿಗೆ ಒಂದು ನಿಮಿಷವೂ ಇಲ್ಲ. ಸಂಜೆಯ ಹೊತ್ತಿಗೆ ಅವನು ಎಲ್ಲರಷ್ಟೇ ದಾರಿಯನ್ನು, ಒಮ್ಮೆಯೂ ಕುಳಿತುಕೊಳ್ಳದೆ, ನೊಂದ ಕಾಲಿನಿಂದ ನಡೆದಿರುತ್ತಾನೆ. ಅದರ ಮೇಲೆ, ತನ್ನಿಂದ ಎಲ್ಲರಿಗೂ ತಡವಾಯಿತೆಂಬ ನಾಚಿಕೆ ಬೇರೆ. ಕಾದವರಾದರೋ ತಮ್ಮ ಕಾಯುವಿಕೆಯನ್ನು ಉಪಕಾರದ ಲೆಕ್ಕದಲ್ಲಿ ಬರೆದುಕೊಂಡಿರುತ್ತಾರೆ! ಮನುಷ್ಯನ ದಯೆಯಲ್ಲಿ ಬಹುಭಾಗವು ಇಂಥ ಲೆಕ್ಕದ್ದೇ ಆಗಿರಬಹುದು.

ಕಾಯುವುದು ಉಪಕಾರವೋ, ಸಾಲದ ತೀರುವಳಿಯೋ ಎಂಬುದು ಇಲ್ಲಿಯ ಪ್ರಶ್ನೆ. ಒಬ್ಬನೇ ಹೊರಟವನ ವೇಗವು ಅವನ ಸ್ವತ್ತು. ಹತ್ತು ಮಂದಿ “ಕೂಡಿ ಹೋಗೋಣ” ಎಂದು ಹೊರಟ ಗಳಿಗೆಯಿಂದ ಹಾಗಲ್ಲ. ಕುಣಿಗಲ್ ಸೀಮೆಯ ಕಗ್ಗೆರೆಯಲ್ಲಿ ತಪಸ್ಸು ಮಾಡಿ ಯಡಿಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳು ೭೦೧ ಮಂದಿ ವಿರಕ್ತರೊಡನೆ ನಾಡನ್ನು ಸಂಚರಿಸಿದರೆಂದು ಪರಂಪರೆಯು ಹೇಳುತ್ತದೆ. ಏಳುನೂರು ಮಂದಿಯಲ್ಲಿ ಮುದುಕರೂ ರೋಗಿಗಳೂ ಇರದೆ ಇದ್ದಾರೆಯೆ? ಅವರನ್ನು ಬಿಟ್ಟು ಮುಂದೆ ಸಾಗಿದ್ದರೆ ಆ ಸಂಖ್ಯೆಯು ದಾರಿಯಲ್ಲಿಯೇ ಕರಗಿಹೋಗಬೇಕಾಗಿತ್ತು. ದೊಡ್ಡ ಮಾತೇಕೆ, ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಊರಿಂದೂರಿಗೆ ತಿರುಗಿದ ನಾಟಕ ಕಂಪೆನಿಯನ್ನೇ ನೆನೆಯಬಹುದು. ಪರದೆಗಳ ಗಾಡಿಯು ಬಾರದಿರುವಲ್ಲಿ ರಾಜಪಾರ್ಟಿನವನು ಮುಂಚಿತವಾಗಿ ಬಂದು ಸಾಧಿಸುವುದೇನು? ಕೊನೆಯವನು ಬರುವತನಕ ತಂಡವೇ ಬಂದಿಲ್ಲ. ಬಂದಿರುವವರು ಬಿಡಿಬಿಡಿ ಮನುಷ್ಯರು.

ಬಯಲುಸೀಮೆಯಲ್ಲಿ ಈ ತತ್ತ್ವವನ್ನು ಮರೆತರೂ ಹೆಚ್ಚಿನ ಅನಾಹುತವಿಲ್ಲ. ರಾಗಿಯ ಹೊಲಗಳ ನಡುವಣ ದಾರಿಯಲ್ಲಿ ಹಿಂದುಳಿದವನು ಒಂದು ಮೈಲಿಯ ದೂರದಿಂದಲೂ ಕಾಣುತ್ತಾನೆ, ಕೂಗಿದರೆ ಓಗೊಡುತ್ತಾನೆ. ಚಾರ್ಮಾಡಿಯ ಸ್ಥಿತಿ ಬೇರೆ. ಅಲ್ಲಿ ದಾರಿಯು ಹಾವಿನಂತೆ ಸುತ್ತಿ ಸುತ್ತಿ ಇಳಿಯುತ್ತದೆ. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಕಣಿವೆ, ಎರಡೂ ಕಡೆ ಬಳ್ಳಿ ಹೆಣೆದ ಕಾಡು. ಮಂಜು ಕವಿಯಿತೆಂದರೆ ಹತ್ತು ಮಾರಿನಾಚೆ ಏನಿದೆಯೋ ತಿಳಿಯದು. ೨೦೧೯ರ ಮಳೆಗಾಲದಲ್ಲಿ ಗುಡ್ಡವು ಕುಸಿದು ಈ ಮಾರ್ಗವೇ ಮುಚ್ಚಿಹೋಗಿತ್ತು. ಆನೆಯ ಭಯವೂ ಉಂಟು. ಮೇಲಾಗಿ, ಏರುವಾಗ ನೋಯುವುದು ಉಸಿರು, ಇಳಿಯುವಾಗ ನೋಯುವುದು ಮೊಣಕಾಲು. ಐದು ದಿನ ಹೇಗೋ ಸಂಭಾಳಿಸಿಕೊಂಡು ಬಂದ ಕಾಲು ಇಲ್ಲಿಯೇ ಕೈಬಿಡುತ್ತದೆ. ಒಂದು ತಿರುವನ್ನು ದಾಟಿದೊಡನೆ ಮುಂದಿನವನು ಹಿಂದಿನವನಿಗೆ ಇಲ್ಲವಾಗುತ್ತಾನೆ. ಆಗ ವೇಗಿಗಳ ಕಡೆಯ ವಾದಕ್ಕೂ ಬಲ ಬರುತ್ತದೆ. ಒಬ್ಬನಿಗಾಗಿ ಹತ್ತು ಜನ ನಿಂತರೆ ಕತ್ತಲೆಯು ಹನ್ನೊಂದು ಜನರನ್ನೂ ಹಿಡಿಯುತ್ತದೆಯಲ್ಲವೆ? ಈ ಆಕ್ಷೇಪವನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮಹಾಪ್ರಸ್ಥಾನದ ಕಥೆಯು ಇಂಥದೇ ಒಂದು ನಡಿಗೆಯ ಕಥೆ. ಹಿಮವಂತವನ್ನು ದಾಟಿ ಮೇರುವಿನ ಕಡೆಗೆ ಹೊರಟ ಪಾಂಡವರಲ್ಲಿ ದ್ರೌಪದಿ ಮೊದಲು ಬೀಳುತ್ತಾಳೆ. ಬಳಿಕ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಧರ್ಮರಾಯನು ಕಾರಣವನ್ನು ಹೇಳುತ್ತಾನೆ: ಅವಳಿಗೆ ಅರ್ಜುನನಲ್ಲಿ ಪಕ್ಷಪಾತ, ಇವನಿಗೆ ಪ್ರಾಜ್ಞನೆಂಬ ಹಮ್ಮು, ಅವನಿಗೆ ರೂಪದ ಹೆಮ್ಮೆ. ಹೇಳಿ, ಹಿಂದಿರುಗಿ ನೋಡದೆ ನಡೆಯುತ್ತಾನೆ. ಬಿದ್ದವನ ದೋಷವು ನಡೆಯುವವನಿಗೆ ಎಷ್ಟು ಬೇಗ ಕಾಣುತ್ತದೆ! “ಹೊಸ ಚಪ್ಪಲಿ ಮೆಟ್ಟಿ ಬಂದ, ಅನುಭವಿಸಲಿ” ಎಂಬ ಇಂದಿನ ಮಾತೂ ಅದೇ ಜಾತಿಯದು. ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲಿಲ್ಲವೆಂದು ಲೋಕವು ಕೊಂಡಾಡುತ್ತದೆ; ಅದು ಯೋಗ್ಯವೇ. ಆದರೆ ಆ ನಾಯಿ ಒಮ್ಮೆಯೂ ಹಿಂದುಳಿಯಲಿಲ್ಲವೆಂಬುದನ್ನೂ ಗಮನಿಸಬೇಕು. ಸಮನಾಗಿ ಹೆಜ್ಜೆಯಿಟ್ಟವನಲ್ಲಿ ನಿಷ್ಠೆಯನ್ನು ತೋರುವುದು ಸುಲಭ. ವ್ಯಾಸರಿಗೂ ಇದು ತಿಳಿದಿತ್ತೆಂದು ಕಾಣುತ್ತದೆ. ಏಕೆಂದರೆ ಕಥೆಯನ್ನು ಅವರು ಅಲ್ಲಿಗೆ ಬಿಡಲಿಲ್ಲ. ಸ್ವರ್ಗಾರೋಹಣ ಪರ್ವದಲ್ಲಿ ಅದೇ ಧರ್ಮರಾಯನು ನರಕದ ಕತ್ತಲೆಯಲ್ಲಿ ತನ್ನವರ ಗೋಳನ್ನು ಕೇಳಿ, ದೇವದೂತನನ್ನು ಹಿಂದಕ್ಕೆ ಕಳುಹಿ, ಅಲ್ಲಿಯೇ ನಿಲ್ಲುತ್ತಾನೆ. ಬೆಟ್ಟದಲ್ಲಿ ನಿಲ್ಲದವನನ್ನು ಕವಿಯು ನರಕದಲ್ಲಿ ನಿಲ್ಲಿಸಿದನು.

ಹಿಂದುಳಿದವನಿಗೂ ಧರ್ಮವಿಲ್ಲದಿಲ್ಲ. ಮೊದಲ ದಿನದ ಬೊಕ್ಕೆಯನ್ನು ಮಾನಕ್ಕಂಜಿ ಮೂರನೆಯ ದಿನದವರೆಗೆ ಮುಚ್ಚಿಡುವವನು ತಂಡಕ್ಕೆ ದ್ರೋಹ ಮಾಡುತ್ತಾನೆ. ಕುಣಿಗಲ್ಲಿನಲ್ಲಿ ಹೇಳಿದ್ದರೆ ಬಸ್ಸು ಹತ್ತಿಸಬಹುದಾಗಿತ್ತು, ಘಟ್ಟದ ನಡುವೆ ಹೇಳಿದರೆ ಹೊರಬೇಕಾಗುತ್ತದೆ. ಆದರೆ ತಂಡಕ್ಕಾಗಿ ತಾನೇ ಮರೆಯಾಗಿಬಿಡುವುದು ಅವನ ಕರ್ತವ್ಯವೆ? ೧೯೧೨ರ ಮಾರ್ಚಿಯಲ್ಲಿ ದಕ್ಷಿಣಧ್ರುವದಿಂದ ಹಿಂದಿರುಗುತ್ತಿದ್ದ ಸ್ಕಾಟನ ತಂಡದಲ್ಲಿ ಕ್ಯಾಪ್ಟನ್ ಓಟ್ಸನ ಕಾಲುಗಳು ಹಿಮದಿಂದ ಕೆಟ್ಟಿದ್ದವು. ತನ್ನನ್ನು ಬಿಟ್ಟುಹೋಗಿರೆಂದು ಅವನು ಕೇಳಿಕೊಂಡನು, ಜೊತೆಗಾರರು ಒಪ್ಪಲಿಲ್ಲ. ಮರುದಿನ ಅವನು ಬಿರುಗಾಳಿಯಲ್ಲಿ ಡೇರೆಯಿಂದ ಹೊರಕ್ಕೆ ನಡೆದುಹೋದನು. ಉಳಿದ ಮೂವರೂ ಆಹಾರದ ಉಗ್ರಾಣಕ್ಕೆ ಹನ್ನೊಂದು ಮೈಲಿಯಿರುವಾಗ ಮಡಿದರು. ಅವನ ತ್ಯಾಗವು ಅವರನ್ನು ಉಳಿಸಲಿಲ್ಲ. ಅವರ ನಿರಾಕರಣೆಯೂ ಅವನನ್ನು ಉಳಿಸಲಿಲ್ಲ. ಹಾಗೆಂದು ಎರಡರಲ್ಲಿ ಯಾವುದನ್ನಾದರೂ ವ್ಯರ್ಥವೆನ್ನಲು ನಾಲಗೆ ಏಳುವುದಿಲ್ಲ. “ಬಿಟ್ಟುಹೋಗಿ” ಎನ್ನುವ ಅಧಿಕಾರವು ಅವನೊಬ್ಬನದು. “ಬಿಡೆವು” ಎನ್ನುವುದು ಉಳಿದವರ ಪಾಲಿನದು. ಈ ಮಾತುಗಳು ಅದಲುಬದಲಾದರೆ ಕೊಲೆಗೆ ಸಮಾನ.

ಬಳಗದ ನಡಿಗೆಯಲ್ಲಿ ಪಳಗಿದವರು ಒಂದು ಉಪಾಯವನ್ನು ಬಲ್ಲರು: ಕುಂಟುವವನನ್ನು ಎಲ್ಲರಿಗಿಂತ ಮುಂದೆ ನಡೆಸುವುದು. ಆಗ ಯಾರೂ ಯಾರಿಗೂ ಕಾಯಬೇಕಾಗಿಲ್ಲ. ಅವನು ಕುಳಿತಾಗ ಎಲ್ಲರೂ ಕೂರುತ್ತಾರೆ, ಅವನು ಎದ್ದಾಗ ಏಳುತ್ತಾರೆ. ಕತ್ತಲೆಯ ಭಯಕ್ಕೆ ಪರಿಹಾರವೂ ಬೇಗ ನಡೆಯುವುದರಲ್ಲಿಲ್ಲ, ಕೊಟ್ಟಿಗೆಹಾರವನ್ನು ನಸುಕಿನಲ್ಲೇ ಬಿಡುವುದರಲ್ಲಿದೆ. ಒಂದು ತೊಡಕು ಮಾತ್ರ ಉಳಿಯುತ್ತದೆ. ಮುಂದೆ ನಡೆಯುವವನ ಕುಂಟುಗಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೆನ್ನಹಿಂದಿನ ಹತ್ತು ಜೊತೆ ಕಣ್ಣುಗಳ ಭಾರವು ಗಂಟುಮೂಟೆಗಿಂತ ಹೆಚ್ಚಿನದು. ಅದಕ್ಕಾಗಿ ಅವನ ಪಕ್ಕದಲ್ಲಿ ಮಾತುಗಾರನೊಬ್ಬನಿರಬೇಕು: ಕಾಲಿನ ಸುದ್ದಿಯನ್ನು ಎತ್ತದೆ, ಈ ವರ್ಷದ ಕೊಬ್ಬರಿಯ ಧಾರಣೆ, ಕುಣಿಗಲ್ ಕೆರೆಗೆ ಬಂದ ನೀರು, ಮನೆಯಲ್ಲಿ ಈಯಬೇಕಾಗಿರುವ ಹಸು ಇವನ್ನೆಲ್ಲ ಹೇಳುತ್ತ, ಘಟ್ಟದ ಒಂದೊಂದು ತಿರುವನ್ನೂ ದಾಟಿಸಬಲ್ಲವನು.